ಕರೆಂಟು ಹೋದಾಗ

"ಕತ್ತರಿ ತನ್ರೇ ಯಾರಾದ್ರೂ! ಇದು ಬಾಚೋ ಕೂದ್ಲಲ್ಲ," ಎಂದು ಅಕ್ಕ ಮುತ್ಯಾಲಮ್ಮ ಅಡ್ಡ ಕಟ್ಟಿದ್ದ ಸೀರೆಯ ಮರೆಯೊಳಗಿಂದ ಕೂಗಿದ್ದೇ, ಜಗುಲಿಯ ಕಂಬಕ್ಕೊರಗಿ ಕೂತಿದ್ದ ಲಕ್ಷ್ಮಣಪ್ಪ ಎದ್ದು ನಿಂತ.

ಒಳಗೆ ಅವನ ಹೆಂಡತಿ ಮುನಿರತ್ನಮ್ಮನಿಗೆ ಕೊನೆಯ ಸ್ನಾನ ಮುಗಿದಿತ್ತು. ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿ, ಚಾಪೆಯ ಮೇಲೆ ಮಲಗಿಸಿದ್ದರು. ಮೊಣಕಾಲು ಮುಟ್ಟುವ ಆ ಕೂದಲು ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಹೊರಳಿ, ತಲೆಯ ಹಿಂದೆ ತೆಂಗಿನ ನಾರಿನ ಮುದ್ದೆಯಂತೆ ಗಂಟುಗಟ್ಟಿತ್ತು. ಮುತ್ತೈದೆಯ ಸಾವು, ಜಡೆ ಹೆಣೆದು ಹೂ ಮುಡಿಸದೆ ಕಳಿಸುವಂತಿಲ್ಲ.

"ಗಂಟಿರೋದಷ್ಟನ್ನ ಕತ್ತರಿಸಿಬಿಟ್ರೆ ಮಿಕ್ಕಿದ್ದು ಹೆಣೀಬೋದು," ಎಂದಳು ಮುತ್ಯಾಲಮ್ಮ.

"ಬೇಡ ಅತ್ತೆ," ಮಗಳು ಮೇಘನ ಅಳುತ್ತಲೇ ಅಡ್ಡ ಬಂದಳು. "ತಿರುಪ್ತಿ ತಿಮ್ಮಪ್ಪಂಗೇ ಮೂರು ಕತ್ತರಿಗಿಂತ ಹೆಚ್ಚು ಕೊಡ್ಲಿಲ್ಲ ಅಮ್ಮ."

"ತಿಮ್ಮಪ್ಪ ಕಾಯ್ತಾನೆ, ಹೊತ್ತು ಕಾಯಲ್ಲ ಕಣೇ. ಹೊರಗೆ ಹನುಮಂತರಾಯಪ್ಪ ಆಗ್ಲೇ ಗೊಣಗ್ತಾವ್ರೆ."

ಹನುಮಂತರಾಯಪ್ಪ ಬೀದಿಯ ಹಿರಿಯ. ಚಟ್ಟ ಕಟ್ಟಿಸಿ ನಿಂತಿದ್ದ. ಲಕ್ಷ್ಮಣಪ್ಪ ಅವನ ಕಡೆ ನೋಡಲಿಲ್ಲ. ಸೀರೆಯ ಅಂಚು ಸರಿಸಿ ಒಳಗೆ ಬಂದ.

"ಕತ್ತರಿ ಬೇಡ ಅಕ್ಕ," ಎಂದ.

*

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮನೆಗೊಂದು ಮಗ್ಗ. ಕರೆಂಟು ಹೋದರೆ ಮಗ್ಗ ನಿಂತಿತು, ಮಗ್ಗ ನಿಂತರೆ ಅನ್ನಕ್ಕೆ ಕಲ್ಲು ಬಿತ್ತು ಎಂದು ಎಲ್ಲರೂ ಶಾಪ ಹಾಕುವವರೇ. ಹಾಳು ಕರೆಂಟು ಯಾವಾಗ ಹೋದೀತೆಂದು ಕಾಯುತ್ತಿದ್ದವನು ಲಕ್ಷ್ಮಣಪ್ಪ ಒಬ್ಬನೇ. ಬಾಯಿಬಿಟ್ಟು ಹೇಳಿದ್ದರೆ ಬೀದಿಯವರು ಲಾಳಿಯಲ್ಲೇ ಬಾರಿಸುತ್ತಿದ್ದರು.

ಕಾರಣ ಆ ಕೂದಲು. ಅವನು ಮಗ್ಗ ಓಡಿಸುವಾಗ ಮುನಿರತ್ನಮ್ಮ ಪಕ್ಕದಲ್ಲಿ ಕೂತು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮೋಟಾರಿನ ಬೆಲ್ಟಿಗೆ ಒಂದೆಳೆ ಸಿಕ್ಕರೂ ತಲೆಗೇ ಸಂಚಕಾರ. ಹಾಗಾಗಿ ಬಿಗಿಯಾದ ತುರುಬು, ಅದರ ಮೇಲೊಂದು ಬಟ್ಟೆ. ಅತ್ತೆ, ಮೈದುನರು ತುಂಬಿದ್ದ ಮನೆಯಲ್ಲಿ ಸೊಸೆ ಕೂದಲು ಬಿಟ್ಟುಕೊಂಡು ಓಡಾಡುವ ಮಾತೇ ಇಲ್ಲ. ಮಗ್ಗ ನಿಂತಾಗ ಮಾತ್ರ ಅವಳು ಹಿತ್ತಲಿಗೆ ಹೋಗಿ ತುರುಬು ಬಿಚ್ಚುತ್ತಿದ್ದಳು. ಬೆಚ್ಚಗಿನ ಹರಳೆಣ್ಣೆ, ದಾಸವಾಳದ ಸೊಪ್ಪು, ಸೀಗೇಪುಡಿ. ಆಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಒಣಗಿಸುತ್ತ ಕೂರುವುದು. ಲಕ್ಷ್ಮಣಪ್ಪ ಬಾಗಿಲ ಸಂದಿಯಿಂದ ನೋಡುತ್ತಿದ್ದ. ಕಟ್ಟಿಕೊಂಡ ಹೆಂಡತಿಯನ್ನೇ ಕದ್ದು ನೋಡುವ ಕರ್ಮ!

ಒಂದು ಮಧ್ಯಾಹ್ನ ಮನೆಯವರೆಲ್ಲ ತೂಬಗೆರೆಗೆ ಮದುವೆಗೆ ಹೋಗಿದ್ದರು. ಕರೆಂಟು ಹೋಯಿತು.

"ಏನ್ ಹಂಗೆ ನಿಂತ್ಕಂಡು ನೋಡ್ತೀರಾ?" ತಿರುಗದೆಯೇ ಕೇಳಿದಳು ಮುನಿರತ್ನಮ್ಮ. "ಬನ್ನಿ. ಹಿಂದ್ಗಡೆ ಸಿಕ್ಕಾಗೈತೆ, ಕೈ ಎಟುಕ್ತಿಲ್ಲ."

ಬಾಚಣಿಗೆಯನ್ನು ಭುಜದ ಮೇಲಿಂದ ಚಾಚಿದಳು. ಅವನು ಮಂಡಿಯೂರಿ ಕೂತ. ಒದ್ದೆ ಕೂದಲು ಅಂಗೈಗೆ ತಣ್ಣಗೆ ಬಂತು. ಒಂದು ಎಳೆ ಎತ್ತಿದ್ದನೋ ಇಲ್ಲವೋ, ಕರೆಂಟು ಬಂದುಬಿಟ್ಟಿತು. ಅವಸರದಲ್ಲಿ ಸ್ವಿಚ್ಚು ಆರಿಸದೆಯೇ ಬಂದಿದ್ದ ಪುಣ್ಯಾತ್ಮ. ಮಗ್ಗ ತಾನೇ ತಾನಾಗಿ ಧಡಧಡ ಓಡತೊಡಗಿತು. ಬಾಚಣಿಗೆ ಬಿಸಾಡಿ ಓಡಿದ. ಅಷ್ಟರಲ್ಲಿ ಹಾಸಿನ ಎಳೆಗಳು ಹರಿದು ಹೋಗಿದ್ದವು. ಒಂದೊಂದನ್ನೇ ಗಂಟು ಹಾಕುವಷ್ಟರಲ್ಲಿ ಸಂಜೆಯಾಯಿತು. ತಿರುಗಿ ಬಂದಾಗ ತುರುಬು ಮತ್ತೆ ಬಿಗಿದಿತ್ತು.

"ಇನ್ನೊಂದ್ಸಲ ಕರೆಂಟ್ ಹೋದಾಗ," ಎಂದು ನಕ್ಕಳು ಅವಳು.

ಇನ್ನೊಂದು ಸಲ ಹೋದಾಗ ಅತ್ತೆ ಇದ್ದರು. ಮತ್ತೊಮ್ಮೆ ಮಗಳು ತೊಡೆಯ ಮೇಲಿದ್ದಳು. ಆಮೇಲೆ ವಯಸ್ಸಾಯಿತು, ವಯಸ್ಸಿನ ಜೊತೆ ನಾಚಿಕೆಯೂ ಬಂತು. ಕೊನೆಕೊನೆಗೆ ಕರೆಂಟು ಹೋಗುವುದೇ ಕಮ್ಮಿಯಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

*

"ಬಾಚಣಿಗೆ ಕೊಡವ್ವ," ಎಂದು ಲಕ್ಷ್ಮಣಪ್ಪ ಮಗಳ ಮುಂದೆ ಕೈಚಾಚಿದ. "ಒಂಚೂರು ಹರಳೆಣ್ಣೆ ಬಿಸಿ ಮಾಡ್ಕಂಡ್ ಬಾ."

"ಲೇ ಲಕ್ಷ್ಮಣ," ಮುತ್ಯಾಲಮ್ಮ ಬೆಚ್ಚಿದಳು. "ಗಂಡಸ್ರು ಹೆಂಗಸ್ರ ತಲೆ ಬಾಚೋದು ಎಲ್ಲಾದ್ರೂ ಐತೇನೋ? ನೋಡ್ದೋರು ಏನಂತಾರೆ?"

"ಅನ್ಲಿ ಬಿಡಕ್ಕ. ಅವಳು ಇದ್ದಾಗ ಅದಕ್ಕೇ ಹೆದರ್ಕಂಡೆ."

ಮುತ್ಯಾಲಮ್ಮ ತಮ್ಮನ ಮುಖವನ್ನು ನೋಡಿದಳು. ಸೀರೆಯ ಮರೆಯನ್ನು ಎಳೆದು ಸರಿಮಾಡಿದಳು.

ಅವನು ಮಂಡಿಯೂರಿ ಕೂತ. ಗಂಟಿಗೆ ಎಣ್ಣೆ ಇಳಿಸಿ, ತುದಿಯಿಂದ ಶುರುಮಾಡಿದ. ಸಿಕ್ಕಿನ ಮೇಲೆ ಸಿಟ್ಟು ಮಾಡಿದರೆ ಎಳೆ ಹರಿಯುತ್ತದೆ, ನೇಕಾರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದೊಂದಾಗಿ ಬಿಡಿಸಿದ ಕೂದಲು ಚಾಪೆ ದಾಟಿ ನೆಲದ ಮೇಲೆ ಹರಡಿತು. ಅರ್ಧ ಬೆಳ್ಳಗಾಗಿತ್ತು. ಆ ಮಧ್ಯಾಹ್ನದ ಮೇಲೆ ಇಷ್ಟು ಹತ್ತಿರದಿಂದ ಅವನು ನೋಡಿಯೇ ಇರಲಿಲ್ಲ.

ಹೆಣ ಎತ್ತುವ ತನಕ ಮಗ್ಗ ಹಾಕಬಾರದೆಂದು ಬೀದಿಯೆಲ್ಲ ಸುಮ್ಮನಿತ್ತು.

"ಕರೆಂಟ್ ಹೋಗೈತೆ ಕಣೇ," ಎಂದ ಅವಳ ಕಿವಿಯ ಹತ್ತಿರ ಬಗ್ಗಿ.

ಆಗಲೇ, ಸುದ್ದಿ ಮುಟ್ಟದ ಹಿಂದಿನ ಬೀದಿಯಲ್ಲಿ ಎಲ್ಲೋ ಒಂದು ಮಗ್ಗ ಧಡಧಡ ಎಂದಿತು. ಇಷ್ಟು ವರ್ಷದ ಅಭ್ಯಾಸ. ಲಕ್ಷ್ಮಣಪ್ಪನ ಮಂಡಿ ತಾನಾಗಿ ನೆಲ ಬಿಟ್ಟು ಎದ್ದಿತು.

"ಯಾವನ್ಲಾ ಅವ್ನು ಮಗ್ಗ ಹಾಕಿದ್ದು? ನಿಲ್ಸೋಕೆ ಹೇಳ್ರೋ!" ಹೊರಗೆ ಹನುಮಂತರಾಯಪ್ಪ ಗದರಿದ.

"ಓಡ್ಲಿ ಬಿಡಿ," ಎಂದ ಲಕ್ಷ್ಮಣಪ್ಪ ಒಳಗಿಂದ.

ಮಂಡಿಯನ್ನು ಮತ್ತೆ ನೆಲಕ್ಕೂರಿ, ಇನ್ನೊಂದು ಎಳೆಯನ್ನು ಬೆರಳಿಗೆ ತೆಗೆದುಕೊಂಡ.