ಮೆಲ್ಲಗೆ ಕೇಳುವ ಗಂಡ

ನಮ್ಮ ಹೊಲಿಗೆ ಕೋಣೆಯಲ್ಲಿ ಗುಂಡಿಗೆ ಕಾಜಾ ಹಾಕುವ ಅಕ್ಕ ಮನೆಗೆ ಹೊರಟ ಕೂಡಲೇ, ಬಟ್ಟೆ ಕತ್ತರಿಸುವ ದೊಡ್ಡಕ್ಕನಿಗೆ ಫೋನು ಬರುತ್ತಿತ್ತು. ಮಾಡುತ್ತಿದ್ದವನು ಕಾಜಾ ಅಕ್ಕನ ಗಂಡ. ಹೊರಟಳಾ, ಇವತ್ತು ಯಾರ ಹತ್ತಿರ ಮಾತಾಡಿದಳು ಎಂದು ಬಲು ಮೆಲ್ಲಗೆ ಕೇಳುತ್ತಿದ್ದ. ದೊಡ್ಡಕ್ಕ ಎಲ್ಲವನ್ನೂ ಒಪ್ಪಿಸುತ್ತಿದ್ದರು. ನಮ್ಮ ಗಂಡಂದಿರು ನಾವು ಎರಡು ದಿನ ಮನೆಗೆ ಹೋಗದಿದ್ದರೂ ಊಟ ಎಲ್ಲಿ ಅಂತಷ್ಟೇ ಕೇಳುತ್ತಾರೆ, ಇವನನ್ನು ನೋಡಿ ಕಲಿಯಲಿ ಎಂದು ನಗುತ್ತಿದ್ದರು.

ಕಾಜಾ ಅಕ್ಕ ಮಾತ್ರ ಬರಬರುತ್ತ ಮಾತನ್ನೇ ಬಿಟ್ಟಳು. ಊಟದ ಹೊತ್ತಿಗೆ ಗೋಡೆಯ ಕಡೆ ತಿರುಗಿ ಒಬ್ಬಳೇ ಕೂರುತ್ತಿದ್ದಳು. ಅದನ್ನು ಎಲ್ಲರೂ ಜಂಬವೆಂದರು.

ಒಂದು ದಿನ ಕಪಾಟಿನಿಂದ ಬಟ್ಟೆ ಇಳಿಸಲು ಅವಳ ತೋಳು ಮೇಲೇಳಲಿಲ್ಲ. ಬಿದ್ದೆಯೇನಕ್ಕ ಎಂದು ಮೆಲ್ಲಗೆ ಕೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಗುಂಡಿ ಮಾರೋನ ಹತ್ತಿರ ನಕ್ಕೆ ಅಂತ ನಮ್ಮನೆಯವರು ಹೊಡೆದರು. ಅವರಿಗೆ ಅದು ಹೇಗೆ ಗೊತ್ತಾಗತ್ತೋ. ಅದಕ್ಕೇ ಯಾರ ಹತ್ತಿರಾನೂ ಮಾತಾಡಲ್ಲ ಕಣೆ."

ಅವಳನ್ನು ಕೇಳಿಯೇ ನಮ್ಮ ಬೀದಿಯ ನರ್ಸಮ್ಮನನ್ನು ಕರೆತಂದೆ. ನರ್ಸಮ್ಮ ತೋಳು ನೋಡುವಾಗ ವಿಷಯ ಕೇಳಿಸಿಕೊಂಡ ದೊಡ್ಡಕ್ಕ ನಂಬಲಿಲ್ಲ.

"ಆತ ಕುಡಿಯಲ್ಲ, ದನಿ ಎತ್ತಲ್ಲ. ಹೊಡೆಯೋರು ಹಾಗಿರ್ತಾರಾ?"

ಹೊಡೆಯುವವರೆಲ್ಲ ಒಂದೇ ಅಚ್ಚಿನವರಲ್ಲ ಎಂದರು ನರ್ಸಮ್ಮ. ಕೆಲವರು ಬೀದಿಯಲ್ಲೂ ಮನೆಯಲ್ಲೂ ಕಂಡವರ ಮೇಲೆ ಕೈ ಮಾಡುತ್ತಾರೆ. ಕೆಲವರಿಗೆ ಹೆಂಡತಿ ಬಿಟ್ಟುಹೋದಾಳೆಂಬ ಭಯ. ಅನುಮಾನದಿಂದ ಹೊಡೆದು, ಆಮೇಲೆ ಕಾಲು ಹಿಡಿದು ಅಳುತ್ತಾರೆ. ಇನ್ನು ಕೆಲವರು ಸಿಟ್ಟೇ ಇಲ್ಲದೆ, ಹಿಡಿತದಲ್ಲಿಡಲೆಂದೇ ಯೋಚಿಸಿ ಹೊಡೆಯುತ್ತಾರೆ. ಹೊರಗೆ ಬೆಣ್ಣೆಯಂಥ ಮಾತು. ಈ ಗುಣಗಳು ಒಬ್ಬನಲ್ಲೇ ಕಲೆತಿರುವುದೂ ಉಂಟು.

"ಎಂಥವನೇ ಆಗಲಿ, ತಪ್ಪು ಹೊಡೆದವನದು. ಇವಳು ಮಾತು ಬಿಟ್ಟಳಲ್ಲ, ಏಟು ನಿಂತಿತಾ?" ಎಂದು ನರ್ಸಮ್ಮ ಕೇಳಿದರು.

ದೊಡ್ಡಕ್ಕ ಕತ್ತರಿ ಕೆಳಗಿಟ್ಟರು. "ಗುಂಡಿಯವನ ವಿಷಯ ಹೇಳಿದ್ದು ನಾನೇ ಕಣಮ್ಮ. ಪ್ರೀತಿಯಿಂದ ಕೇಳ್ತಾನೆ ಅಂದ್ಕೊಂಡೆ." ಈಗಲೇ ಅವನನ್ನು ಕೇಳುತ್ತೇನೆಂದು ಎದ್ದರು. ನರ್ಸಮ್ಮ ತಡೆದರು. ನೀವು ಕೇಳಿದರೆ ಅವನ ಸಿಟ್ಟು ರಾತ್ರಿ ಇವಳ ಮೇಲೆ ಬೀಳುತ್ತದೆ. ಮುಂದೇನೆಂದು ಇವಳೇ ಹೇಳಲಿ ಎಂದರು.

ಎಲ್ಲರೂ ಕಾದೆವು.

"ನನ್ನ ಫೋನು ಅವರು ನೋಡ್ತಾರೆ" ಎಂದಳು ಕಾಜಾ ಅಕ್ಕ. "ದೊಡ್ಡಕ್ಕ, ನಿಮ್ಮದರಿಂದ ಮಹಿಳಾ ಸಹಾಯವಾಣಿಗೆ ಮಾಡಿಕೊಡ್ತೀರಾ?"

ದೊಡ್ಡಕ್ಕ ಮಾಡಿಕೊಟ್ಟರು. ಅವಳು ಮಾತಾಡಿ ಮುಗಿಸುವವರೆಗೆ ಬಾಗಿಲಲ್ಲಿ ಕಾವಲು ನಿಂತಿದ್ದರು.

ಅಕ್ಕತಂಗಿಯರೇ, ಜೊತೆಯವಳ ಗಂಡ ಎಷ್ಟೇ ಮೃದುವಾಗಿ ಕೇಳಲಿ, ಅವಳ ಸುದ್ದಿ ಅವನಿಗೆ ಒಪ್ಪಿಸಬೇಡಿ. ಒಂಟಿಯಾಗಿ ಕೂತವಳ ಪಕ್ಕ ಹೋಗಿ ಕೂತು, ಏನು ಬೇಕೆಂದು ಅವಳನ್ನೇ ಕೇಳಿ. ಹಾಗೆ ಕೂತವರು ನೀವೇ ಆಗಿದ್ದರೆ, ನೀವು ನಕ್ಕದ್ದು ತಪ್ಪಲ್ಲ. ನೀವು ನಂಬುವ ಒಬ್ಬರಿಗಾದರೂ ಇವತ್ತೇ ಹೇಳಿ.