ಎಮ್ಮೆಯ ಕ್ಯಾಮೆರಾಕ್ಕೆ ಬೇರೆ ವೈಫೈ

ಸಾಸ್ವೆಹಳ್ಳಿಯ ಶಿವಗಂಗಮ್ಮ ಬೆಳಗಿನಿಂದ ಸೊಸೆಯ ಮೇಲೆ ಮುನಿಸಿಕೊಂಡಿದ್ದರು. ಕೊಟ್ಟಿಗೆಯ ಕ್ಯಾಮೆರಾದ ವೈರನ್ನು ಸೊಸೆ ಶಿವಲೀಲಾ ಕಿತ್ತು ಹಾಕಿದ್ದಳು. ಎಮ್ಮೆಗೆ ದಿನ ತುಂಬಿತ್ತು. ಹೋದ ವರ್ಷ ಅದು ಯಾರೂ ನೋಡದ ಹೊತ್ತಿನಲ್ಲಿ ಈದು, ಕರು ಉಸಿರುಕಟ್ಟಿ ಸತ್ತಿತ್ತು. ಆಮೇಲೆಯೇ ಶಿವಗಂಗಮ್ಮ ಹಟ ಹಿಡಿದು ಕ್ಯಾಮೆರಾ ಹಾಕಿಸಿದ್ದು. ಒಲೆ ಮುಂದೆ ಕೂತರೂ ಮೊಬೈಲಿನಲ್ಲಿ ಎಮ್ಮೆ ಕಾಣುತ್ತಿತ್ತು.

ಶಿವಲೀಲಾಳ ಭಯ ಬೇರೆ. ಅವಳು ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಆಲ್ಬಮ್ ಮಾಡಿಕೊಡುತ್ತಾಳೆ. ಸುತ್ತಲ ಊರುಗಳ ಹೆಣ್ಣುಮಕ್ಕಳ ಫೋಟೊಗಳು ಅದರಲ್ಲಿವೆ. ನಿನ್ನೆ ಯಾರೂ ಮುಟ್ಟದೆ ಕ್ಯಾಮೆರಾ ಬಾಗಿಲ ಕಡೆ ತಿರುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೊರಗಿನವರು ಯಾರೋ ಇಂಟರ್‌ನೆಟ್ಟಿನಿಂದ ಅದನ್ನು ಆಡಿಸುತ್ತಿದ್ದಾರೆಂದು ಅವಳ ಅನುಮಾನ.

ಮಧ್ಯಾಹ್ನ ಶಿವಲೀಲಾ, ಪಂಚಾಯಿತಿ ಗ್ರಂಥಾಲಯವನ್ನೂ ಅಲ್ಲಿನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುವ ಅಂಬಿಕಾಳನ್ನು ಕರೆಸಿದಳು.

"ಬಾರವ್ವ, ನೀನಾದ್ರೂ ಹೇಳು," ಎಂದರು ಶಿವಗಂಗಮ್ಮ. "ಎಮ್ಮೆ ಸಗಣಿ ಹಾಕಾದು ನೋಡಾಕೆ ಯಾವನು ಬರ್ತಾನೆ?"

"ಎಮ್ಮೆ ಯಾರಿಗೆ ಬೇಕು ದೊಡ್ಡವ್ವ? ಕ್ಯಾಮೆರಾ ತಾನೇ ತಿರುಗ್ತೋ, ಯಾರಾದ್ರೂ ತಿರುಗಿಸಿದ್ರೋ, ನಂಗೂ ಗೊತ್ತಾಗಲ್ಲ. ಆದ್ರೆ ಅದು ಬಂದಾಗಿದ್ದ ಪಾಸ್‌ವರ್ಡೇ ಇನ್ನೂ ಐತೆ. ಕ್ಯಾಮೆರಾದೊಳಗೆ ಹೊಕ್ಕೋನು ಅದೇ ವೈಫೈನಾಗಿರೋ ಕಂಪ್ಯೂಟರಿಗೂ ಕೈ ಹಾಕಬೌದು."

"ಹಂಗಾರೆ ಕಿತ್ತಾಕಾದೇ ಸರಿ ಅಂತೀಯಾ? ಕರು ಸತ್ರೆ ನೀವಿಬ್ರೂ ತಂದುಕೊಡ್ತೀರೇನು?"

ಅಂಬಿಕಾ ನಕ್ಕಳು. "ಮೊದಲು ನೀವು ದನ ಎಲ್ಲಿ ಕಟ್ತಿದ್ರಿ?"

"ಇಲ್ಲೇ, ತಲೆಬಾಗಿಲೊಳಗೆ. ದನ, ಜನ ಎಲ್ಲಾ ಒಂದೇ ಬಾಗಿಲಾಗೆ. ಸೊಳ್ಳೆ, ನೊಣ ನಡುಮನೆಗೇ ಬರ್ತಿದ್ವು. ನಿಮ್ಮ ದೊಡ್ಡಪ್ಪನ ಜೊತೆ ಜಗಳ ಆಡಿ ಗೋಡೆ ಹಾಕಿಸ್ದೆ."

"ದನ ಮಾರಿದ್ರಾ?"

"ಯಾಕ್ ಮಾರ್ಲಿ? ಅವಕ್ಕೆ ಆ ಕಡೆಯಿಂದ ಬೇರೆ ಬಾಗಿಲು ಇಡಿಸ್ದೆ."

"ಈಗ ನಾನು ಮಾಡಾದೂ ಅದೇ. ಈ ವೈಫೈ ಡಬ್ಬಿ ಒಂದ್ರಾಗೇ ಎರಡು ವೈಫೈ ಬರ್ತಾವೆ. ಎರಡನೇದಕ್ಕೆ ಗೆಸ್ಟ್ ವೈಫೈ ಅಂತಾರೆ. ಕ್ಯಾಮೆರಾ, ಟಿವಿ ಅದ್ರಾಗಿರ್ಲಿ. ಕಂಪ್ಯೂಟರ್ ಮೊದಲನೇದ್ರಾಗೇ ಇರ್ಲಿ."

ಶಿವಗಂಗಮ್ಮ ತಮ್ಮ ಮೊಬೈಲನ್ನು ಮುಂದೆ ಹಿಡಿದರು. "ಮೊಬೈಲ್‌ನಾಗೆ ಎಮ್ಮೆ ಕಾಣ್ತೈತೋ ಇಲ್ಲೋ? ಅಷ್ಟು ಹೇಳು."

"ಕಾಣ್ತೈತೆ. ಕಾಣದಿದ್ರೆ ನನ್ನ ಬೈರಿ."

ಅಂಬಿಕಾ ವೈಫೈ ಡಬ್ಬಿಯ ಸೆಟ್ಟಿಂಗ್ ತೆರೆದು ಗೆಸ್ಟ್ ವೈಫೈ ಚಾಲೂ ಮಾಡಿದಳು. ಅದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಕೊಟ್ಟಳು. ಅಲ್ಲಿಂದ ಮನೆಯ ಬೇರೆ ಸಾಧನಗಳನ್ನು ಮುಟ್ಟಲು ಬಿಡುವ ಆಯ್ಕೆಯನ್ನು ಮುಚ್ಚಿದಳು. ಕಿತ್ತಿದ್ದ ವೈರನ್ನು ಮತ್ತೆ ಸಿಕ್ಕಿಸಿ, ಕ್ಯಾಮೆರಾ, ಟಿವಿ ಎರಡನ್ನೂ ಗೆಸ್ಟ್ ವೈಫೈಗೆ ಹಾಕಿ, ಕ್ಯಾಮೆರಾದ ಪಾಸ್‌ವರ್ಡನ್ನೂ ಡಬ್ಬಿಯ ಪಾಸ್‌ವರ್ಡನ್ನೂ ಬದಲಿಸಿದಳು. ಅರ್ಧ ಗಂಟೆಯ ಕೆಲಸ.

ಶಿವಲೀಲಾ ಬಾಯಿಮಾತು ನಂಬುವವಳಲ್ಲ. ತನ್ನ ಮೊಬೈಲನ್ನು ಗೆಸ್ಟ್ ವೈಫೈಗೆ ಸೇರಿಸಿ, ಎಂದಿನಂತೆ ಕಂಪ್ಯೂಟರಿನ ಫೋಟೊ ತೆರೆಯಲು ನೋಡಿದಳು. ಒಂದೂ ಬರಲಿಲ್ಲ. ಆಮೇಲೆಯೇ ಆಲ್ಬಮ್ ಕೆಲಸಕ್ಕೆ ಕೂತಳು.

ಶಿವಗಂಗಮ್ಮ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದರು.

"ಲೀಲಾ, ಅದನ್ನ ಬಿಟ್ಟು ಬಾ. ಬಿಸಿನೀರು ಇಡು. ಎಮ್ಮೆ ಎದ್ದು ಮಲಗಿ ಮಾಡ್ತೈತೆ."

ಸಂಜೆಯೊಳಗೆ ಹೆಣ್ಣುಕರು ಎದ್ದು ನಿಂತಿತು.

ನಿಮ್ಮ ಮನೆಯ ವೈಫೈಗೆ ಏನೇನು ಸೇರಿಕೊಂಡಿವೆ, ಇವತ್ತೇ ನೋಡಿ. ಟಿವಿ, ಕ್ಯಾಮೆರಾ, ಮೊಬೈಲಿನಿಂದ ಹೊತ್ತಿಸುವ ಬಲ್ಬು ಇವುಗಳನ್ನು ಗೆಸ್ಟ್ ವೈಫೈಗೆ ಹಾಕಿ. ಕಂಪ್ಯೂಟರ್ ಅದರಿಂದ ದೂರವಿರಲಿ. ಮಾಡಲು ಬಾರದಿದ್ದರೆ ಇಂಟರ್‌ನೆಟ್ ಲೈನ್ ಎಳೆದುಕೊಟ್ಟವರಿಗೆ ಫೋನ್ ಮಾಡಿ ಕೇಳಿ. ಕೊಂಡಾಗ ಬಂದ ಪಾಸ್‌ವರ್ಡ್ ಬದಲಿಸಿ. ನಮ್ಮಲ್ಲೇನೂ ಕಳುವಾಗಿಲ್ಲ ಎಂದು ಸುಮ್ಮನಿರಬೇಡಿ. ಕಂಪ್ಯೂಟರಿನಿಂದ ಕದ್ದ ಫೋಟೊ ಕಂಪ್ಯೂಟರಿನಲ್ಲೂ ಹಾಗೇ ಇರುತ್ತದೆ, ಕಳುವಾದದ್ದು ಗೊತ್ತೇ ಆಗುವುದಿಲ್ಲ.