ಕಿಟಕಿಯ ಕೆಳಗಿನ ಸಿಮೆಂಟು

ನನ್ನ ಗಂಡ ಏನು ಮಾಡಿದರೂ ಗಟ್ಟಿಯಾಗಿ ಮಾಡುತ್ತಿದ್ದ. ಮದುವೆಗೆ ಮುಂಚೆ, ನಾನು ಬರುವ ಮನೆ ಚೆನ್ನಾಗಿ ಕಾಣಲಿ ಎಂದು, ಬೀದಿ ಕಡೆಯ ಗೋಡೆಯಲ್ಲಿ ಕಿಟಕಿಯ ಕೆಳಗಿನ ಸಂದುಗಳಿಗೆಲ್ಲ ತಾನೇ ಸಿಮೆಂಟು ತುಂಬಿದ್ದ. ಮುತ್ತಜ್ಜನ ಕಾಲದ ಗೋಡೆ ಅದು. ಗಿಲಾವಿಲ್ಲದ ಬರೀ ಇಟ್ಟಿಗೆ, ನಡುವೆ ಸುಣ್ಣದ ಗಾರೆ. ಇಟ್ಟಿಗೆ ಕುಡಿದ ನೀರು ಆ ಮೆತ್ತನೆಯ ಗಾರೆಯ ಮೂಲಕ ಹೊರಗೆ ಹೋಗುತ್ತಿತ್ತು. ಸಿಮೆಂಟು ದಾರಿ ಮುಚ್ಚಿತು. ನೀರು ಇಟ್ಟಿಗೆಯಲ್ಲೇ ಉಳಿದು, ಅದರ ಮುಖ ಹಕ್ಕಳೆ ಹಕ್ಕಳೆಯಾಗಿ ಉದುರತೊಡಗಿತು. ಈಗ ಅವನಿಲ್ಲ. ಸಿಮೆಂಟು ಇದೆ.

ಗೋಡೆ ನೋಡಲು ಬಂದ ಗಾರೆ ಮೇಸ್ತ್ರಿ, ಹೊಸ ಗಾರೆ ತುಂಬುವ ಮೊದಲು ಹಳೆಯದನ್ನು ಬೆರಳಿನ ಒಂದು ಗೆಣ್ಣಿನಷ್ಟು ಆಳ ಕೆರೆದು ತೆಗೆಯಬೇಕು, ಸಿಮೆಂಟಂತೂ ಚೂರೂ ಉಳಿಯಬಾರದು ಎಂದರು. ಅದನ್ನು ಬಿಡಿಸುವಾಗ ಇಟ್ಟಿಗೆ ಒಡೆದರೆ ತಮ್ಮನ್ನು ಕೇಳಬಾರದು ಎಂದೂ ಸೇರಿಸಿದರು. ಗಂಡನ ಅಣ್ಣ, ನನ್ನ ಭಾವನಿಗೆ ಅಷ್ಟೇ ಸಾಕಾಯಿತು. ಇಡೀ ಗೋಡೆಗೆ ಸಿಮೆಂಟಿನ ಗಿಲಾವು ಮೆತ್ತಿ ಬಣ್ಣ ಹೊಡೆಸಿದರೆ ತಲೆನೋವೇ ಇಲ್ಲ ಎಂದರು. ಅತ್ತೆಯದು ಬೇರೆಯೇ ಹಟ. ಮಗನ ಕೈ ಮುಟ್ಟಿದ್ದನ್ನು ಯಾರೂ ಮುಟ್ಟಕೂಡದು.

ನನಗೆ ಆ ಗೋಡೆ ಬೇಕಿತ್ತು. ಅವನು ಹೋದ ಮೇಲೆ ನಾನು ಬೇಕು ಎಂದ ಮೊದಲ ವಸ್ತು ಅದು. ಒಂದು ದಿನ ಕೊಡಿ, ಇಟ್ಟಿಗೆ ಒಡೆಯದೆ ಸಿಮೆಂಟು ತೆಗೆಯುತ್ತೇನೆ, ಆಗದಿದ್ದರೆ ನಿಮ್ಮ ಗಿಲಾವೇ ಆಗಲಿ ಎಂದೆ.

"ಎಂಎಸ್ಸಿ ಓದಿದೋರು ಗೋಡೆ ಕೆರೆಯೋದನ್ನ ಇದೇ ಮೊದಲು ನೋಡ್ತಿರೋದು," ಎಂದರು ಭಾವ. "ಆಯ್ತಮ್ಮ, ಒಂದು ದಿನ. ಕೈ ಜೋಪಾನ."

ಸುಣ್ಣದ ಸಂದುಗಳು ತಕರಾರು ಮಾಡಲಿಲ್ಲ. ಉಳಿ ತಗುಲಿಸಿದರೆ ಸಾಕು, ಹಿಟ್ಟಿನಂತೆ ಸುರಿದವು. ಸಿಮೆಂಟಿಗೆ ಬಂದಾಗ ಸುತ್ತಿಗೆ ಪುಟಿಯಿತು. ಇನ್ನೊಂದು ಏಟಿಗೆ ಇಟ್ಟಿಗೆಯ ಅಂಚು ಸಿಡಿದು ಕಾಲ ಬಳಿ ಬಿತ್ತು. ಸಿಮೆಂಟಿನ ಮೇಲೆ ಗೀರೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭಾವ ಗಿಲಾವಿನವರಿಗೆ ಫೋನು ಹಚ್ಚಿದರು.

ಸುತ್ತಿಗೆ ಕೆಳಗಿಟ್ಟು ಕುಳಿತೆ. ಏಟು ತಿಂದ ಸಿಮೆಂಟಿಗೆ ಸರಿಯಲು ಜಾಗವಿಲ್ಲ. ಮೇಲೆ ಇಟ್ಟಿಗೆ, ಕೆಳಗೆ ಇಟ್ಟಿಗೆ. ಏಟೆಲ್ಲ ಇಟ್ಟಿಗೆಗೇ ಹೋಗುತ್ತದೆ. ಜಾಗ ಮಾಡಿಕೊಟ್ಟರೆ? ಒಳಗಿನಿಂದ ಡ್ರಿಲ್ ತಂದು, ಸಿಮೆಂಟಿನ ಪಟ್ಟಿಯ ನಟ್ಟನಡುವೆ ಒತ್ತೊತ್ತಾಗಿ ತೂತು ಕೊರೆದೆ. ಆಮೇಲೆ ಉಳಿಯನ್ನು ಪಟ್ಟಿಯ ಅಂಚಿಗಿಟ್ಟು, ಇಟ್ಟಿಗೆಯಿಂದ ಆಚೆಗೆ, ತೂತಿನ ಕಡೆಗೆ ಮೆಲ್ಲಗೆ ತಟ್ಟಿದೆ. ಟಕ್ಕೆಂದು ಒಂದು ತುಂಡು ಬಿತ್ತು. ಇಟ್ಟಿಗೆಯ ಅಂಚು ಹಾಗೇ ಇತ್ತು.

"ಭಾವ, ಸ್ವಲ್ಪ ತಡೀರಿ," ಎಂದೆ. ಅವರು ಫೋನನ್ನು ಕಿವಿಯಿಂದ ಇಳಿಸಿದರು.

ಸದ್ದಿಗೆ ಅತ್ತೆ ಹೊರಗೆ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಬಿದ್ದ ತುಂಡನ್ನು ಎತ್ತಿ, ತಿರುಗಿಸಿ ನೋಡಿದರು. ಆಮೇಲೆ ಮುಖ ಉದುರಿದ ಇಟ್ಟಿಗೆಗಳ ಮೇಲೆ ಕೈಯಾಡಿಸಿದರು. ಅಂಗೈ ತುಂಬ ಕೆಂಪು ಪುಡಿ.

"ಇಷ್ಟು ಗಟ್ಟಿ ಬೇಡ ಕಣೋ ಅಂತ ಆವತ್ತೇ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದ್ದ ಅವನು?"

"ನನ್ನ ಮಾತೂ ಕೇಳ್ತಿರ್ಲಿಲ್ಲ ಅತ್ತೆ."

"ನೀನು ಹೇಳಿದ್ರೆ ತಾನೇ ಕೇಳೋಕೆ. ಬಾಯಿಗೆ ಬೀಗ ಜಡ್ಕೊಂಡಿರ್ತಿದ್ದೆ." ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎಲ್ಲಿ, ಆ ಬ್ರಷ್ ಇತ್ತ ಕೊಡು."

ನಾನು ಕೊರೆದು ತಟ್ಟುತ್ತಾ ಹೋದೆ. ಅವರು ಸಂದಿನ ಧೂಳು ಗುಡಿಸುತ್ತಾ, ಮಗ ಮಾತು ಕೇಳದ ಒಂದೊಂದು ಪ್ರಸಂಗವನ್ನೂ ಹೇಳುತ್ತಾ ಬಂದರು. ಎಷ್ಟೋ ನನಗೆ ಗೊತ್ತಿರಲಿಲ್ಲ. ಒಂದೆರಡಕ್ಕೆ ನಕ್ಕೆ.

ಸಂಜೆ ಮೇಸ್ತ್ರಿ ಬಂದು ಸಂದು ಸಂದಿಗೂ ಬೆರಳು ತೂರಿಸಿ ನೋಡಿದರು. ಸಿಮೆಂಟು ಎಲ್ಲೂ ಇಲ್ಲ. ಒಡೆದದ್ದು ಬೆಳಗಿನ ಅದೊಂದೇ ಇಟ್ಟಿಗೆ. ಅದನ್ನು ಬಿಚ್ಚಿ, ಹಿಂದು ಮುಂದು ಮಾಡಿ ಕೂರಿಸಿದರಾಯಿತು ಎಂದರು. ನೀರು ಚಿಮುಕಿಸಿದರು. ಗೋಡೆ ಗಟಗಟ ಕುಡಿಯಿತು. ನಾಳೆಯೇ ಗಾರೆ ತುಂಬಲು ಶುರು ಮಾಡೋಣ ಎಂದು ಹೋದರು.

ಭಾವ ನನ್ನತ್ತ ಕೈ ತೋರಿಸುತ್ತಾ, ಬೀದಿಗೆಲ್ಲ ಕೇಳುವ ಹಾಗೆ ಫೋನಿನಲ್ಲಿ ಹೇಳುತ್ತಿದ್ದರು, "ಗಿಲಾವಿಗೆ ಬರೋದು ಬೇಡ ಕಣ್ರೀ. ಮೇಸ್ತ್ರಿ ನಮ್ಮನೇಲೇ ಇದಾರೆ."

ಅಂಗೈಯಲ್ಲಿ ಬೊಬ್ಬೆ ಎದ್ದು ಉರಿಯುತ್ತಿತ್ತು. ವಿಪರೀತ ಹಸಿವಾಗಿತ್ತು. ಎಲ್ಲರಿಗಿಂತ ಮೊದಲು ನಾನೇ ತಟ್ಟೆ ಹಾಕಿಕೊಂಡು ಕುಳಿತೆ. ಅತ್ತೆ ಬಡಿಸುತ್ತಲೇ ಇದ್ದರು. ನಾನು ಸಾಕು ಎನ್ನಲಿಲ್ಲ.